ಎಳ್ಳಮಾಸಿಯ ದಿನ ನಾನು ಮನೆ ಕಾಯ್ದದ್ದು

ಇಲ್ಲಿ ಬರೆಯುವುದೆಲ್ಲ ಹೀಗೇ ನಡೆಯಿತು ಎಂದು ಆಣೆ ಮಾಡು ಅಂದರೆ ನಾನು ಮಾಡಲಾರೆ. ನಡೆದದ್ದು ಯಲಬುರ್ಗಾದಲ್ಲಿ, ಅಷ್ಟು ಗೊತ್ತು. ಯುದ್ಧ ಶುರುವಾಗಿ ಸೀಮೆಎಣ್ಣೆ ಸಿಗುವುದು ಕಷ್ಟವಾಗಿತ್ತು ಎಂಬ ನೆನಪೂ ಇದೆ. ಆದರೆ ಆ ನೆನಪು ಬೇರೆ ಯಾವುದೋ ವರ್ಷದಿಂದ ಬಂದು ಇದಕ್ಕೆ ಅಂಟಿಕೊಂಡಿದ್ದರೂ ಅಂಟಿಕೊಂಡಿರಬಹುದು. ನಾನು ಮರೆತದ್ದಕ್ಕಿಂತ ಸೇರಿಸಿದ್ದರ ಬಗ್ಗೆಯೇ ನನಗೆ ಹೆಚ್ಚು ಅನುಮಾನ. ಈ ಕಥೆಯನ್ನು ಎಷ್ಟೋ ಕಡೆ ಹೇಳಿದ್ದೇನೆ, ನಕ್ಕವರು ಇನ್ನಷ್ಟು ನಗಲೆಂದು ಉಪ್ಪುಖಾರ ಹಾಕಿದ್ದೇನೆ. ಈಗ ಅದರಲ್ಲಿ ಕಾಯಿಪಲ್ಯ ಎಷ್ಟು, ಖಾರ ಎಷ್ಟು ಎಂದು ನನಗೇ ತಿಳಿಯದು. ಹಳಸದೆ ಉಳಿದದ್ದು ಸಿಟ್ಟೊಂದೇ. ಮೊನ್ನೆ ಒಬ್ಬ ತರುಣ ಬಂದು, "ಸರ್, ಮಹಿಳಾ ಮಂಡಳದ ಕಾರ್ಯಕ್ರಮ ಐತ್ರಿ, 'ಗೃಹಿಣಿಯ ಧನ್ಯ ಜೀವನ' ಅಂತ ವಿಷಯ, ನೀವು ಮಾತಾಡಬೇಕ್ರಿ" ಅಂದ. ಚಹಾ ಕುಡಿಸಿ ಕಳಿಸಿದೆ. ಚಹಾ ಕುಡಿಸದೆ ಕಳಿಸಬೇಕಾಗಿತ್ತು.

ಆ ಕಾಲದಲ್ಲಿ ನಾನು ಹೈದರಾಬಾದಿನಲ್ಲಿ ಓದಿ, ಪದವಿ ತೆಗೆದುಕೊಂಡು, ಊರಿಗೆ ಮರಳಿ ಮಾಸ್ತರನಾಗಿದ್ದೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಉರ್ದುವಿನಲ್ಲಿ ಇತಿಹಾಸ ಕಲಿಸುವುದು ನನ್ನ ಕೆಲಸ. ಅವರಿಗೆ ಇತಿಹಾಸವೂ ಬರಲಿಲ್ಲ, ಉರ್ದುವೂ ಬರಲಿಲ್ಲ. ನನಗೆ ಮಾತ್ರ ಒಂದು ಚಟ ಬಂತು: ಯಾರು ಏನು ಹೇಳಿದರೂ "ಇದಕ್ಕ ಆಧಾರ ಏನು?" ಎಂದು ಕೇಳುವುದು. ದೇವರ ಬಗ್ಗೆ ಕೇಳಿದೆ, ಅವ್ವ ಅತ್ತಳು. ದೆವ್ವದ ಬಗ್ಗೆ ಕೇಳಿದೆ, ಅಣ್ಣ ಬೈದ. ಇಷ್ಟೆಲ್ಲ ಕೇಳಿದವನು ನನ್ನ ಹೆಂಡತಿ ನೀಲವ್ವ ಮನೆಯಲ್ಲಿ ದಿನವಿಡೀ ಏನು ಮಾಡುತ್ತಾಳೆ, ಅದರಲ್ಲಿ ಅವಳಿಗೆ ಏನು ಸುಖ ಎಂದು ಕೇಳಿರಲಿಲ್ಲ. ಅದು ಗೊತ್ತಿರುವ ವಿಷಯ ಅಂದುಕೊಂಡಿದ್ದೆ.

ನಮ್ಮ ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಎಳ್ಳು ಅಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಮಾಸಿ, ಅಂದರೆ ಭೂಮಿತಾಯಿಗೆ ಉಣಿಸುವ ಹಬ್ಬ. ಬೆಳೆ ಎದೆಮಟ್ಟಕ್ಕೆ ನಿಂತ ಹೊತ್ತಿನಲ್ಲಿ ಭೂಮಿ ಬಸುರಿ ಎಂದು ಲೆಕ್ಕ. ಆದ್ದರಿಂದ ಬಸುರಿಯ ಬಯಕೆಯ ಅಡಿಗೆಯನ್ನೆಲ್ಲ ಮಾಡಿ, ಬುಟ್ಟಿಯಲ್ಲಿ ಹೊತ್ತು, ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಅವರೇ ಪಾಂಡವರು ಎಂದು ಪೂಜೆ. ಆಮೇಲೆ ಎಲ್ಲ ಅಡಿಗೆಯನ್ನೂ ಕಲಸಿ, ಗಂಡಸರು ಹೊಲದ ಸುತ್ತ ಚೆಲ್ಲುತ್ತ ಹೋಗುವುದು, ಇದು ಚರಗ. ಚರಗ ಚೆಲ್ಲುವ ಮೊದಲು ಆ ಅಡಿಗೆಯಲ್ಲಿ ಒಂದು ಎಳ್ಳುಕಾಳನ್ನೂ ಯಾರೂ ಬಾಯಿಗೆ ಹಾಕುವಂತಿಲ್ಲ. ಇಷ್ಟೂ ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣಗಾಯಿ, ಅಗಸಿ ಹಿಂಡಿ ತಯಾರಾಗಲು ಹೆಂಗಸರು ಎಷ್ಟೋ ದಿನ ಮೊದಲೇ ಒಲೆಯ ಮುಂದೆ ಕೂಡಬೇಕು. ನಮ್ಮ ಮನೆಯಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಅಮಾಸಿ ದಿನ ಮನೆಗೆ ಕೀಲಿ ಹಾಕಬಾರದು, ಒಲೆ ಆರಬಾರದು, ಯಾರಾದರೂ ಒಬ್ಬರು ಉಳಿಯಬೇಕು. ಯಾರಾದರೂ ಅಂದರೆ ನೀಲವ್ವ. ಸಣ್ಣ ಸೊಸೆ, ಜತೆಗೆ ಚಿಕ್ಕ ಮಕ್ಕಳು. ಮದುವೆಯಾದಾಗಿನಿಂದ ಅವಳು ಚರಗ ನೋಡಿರಲಿಲ್ಲ.

ಹಬ್ಬದ ಹಿಂದಿನ ದಿನ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕುಳಿತು ಒಂದು ಮಾಸಪತ್ರಿಕೆ ಓದುತ್ತಿದ್ದೆ. ಅದರಲ್ಲಿ ಯಾರೋ ಮಹಾಶಯರು ಗೃಹಿಣಿಯರ ಮೇಲೆ ಲೇಖನ ಬರೆದಿದ್ದರು. ಗೃಹಿಣಿಯು ನಿತ್ಯದ ಕೆಲಸದಲ್ಲೇ ಅರ್ಥ ಕಾಣಬೇಕು, ಬೀಸುವ ಕಲ್ಲಿನಲ್ಲಿ ವಿಶ್ವದ ಗತಿ ಕೇಳಬೇಕು, ಉಕ್ಕುವ ಹಾಲಿಗೂ ತೊಳೆಯುವ ಪಾತ್ರೆಗೂ ಕೃತಜ್ಞಳಾಗಿದ್ದರೆ ದಣಿವೆಂಬುದೇ ಇಲ್ಲ, ಹೀಗೆ. ಸಂದೇಹವೇ ಉಸಿರು ಎಂದುಕೊಂಡಿದ್ದ ನಾನು ಈ ಲೇಖನಕ್ಕೆ ಆಧಾರ ಕೇಳಲಿಲ್ಲ. ಬಹಳ ಚಂದ ಅನಿಸಿತು. ಗಟ್ಟಿಯಾಗಿ ಓದಿ ಹೇಳಿದೆ.

ನೀಲವ್ವ ಕೈ ನಿಲ್ಲಿಸದೆ ಕೇಳಿದಳು: "ಇದನ್ನ ಬರದಾರ ಯಾರ್ರಿ?"

"ಯಾರೋ ದೊಡ್ಡ ಮನಷ್ಯಾ. ಭಾಳ ಓದ್ಯಾನ."

"ರೊಟ್ಟಿ ಬಡದಾರೇನು ಅವ್ರು?"

"ಅದು ಮುಖ್ಯ ಅಲ್ಲ. ವಿಚಾರ ನೋಡು. ಮನಸಿಟ್ಟು ಮಾಡಿದ್ರ ರೊಟ್ಟಿ ಬಡಿಯೋದೂ ಒಂದು ಧ್ಯಾನ."

"ಧ್ಯಾನದಾಗ ಕಣ್ಣಾಗ ಹೊಗಿ ಹೋಗತೈತೇನ್ರಿ?" ಅಂದಳು. ಪಕ್ಕದಲ್ಲಿ ಹೂರಣ ರುಬ್ಬುತ್ತಿದ್ದ ಅತ್ತಿಗೆ, ಅಂದರೆ ನಮ್ಮ ಅಣ್ಣನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಅವಮಾನವಾಯಿತು. ಇನ್ನೂ ಒಂದಿಷ್ಟು ವಿವರಿಸಿದೆ. ಎಷ್ಟು ವಿವರಿಸಿದೆ ಎಂಬುದು ಈಗ ನೆನಪಿಲ್ಲ. ಅತ್ತಿಗೆಯ ಪ್ರಕಾರ, ಹೂರಣ ರುಬ್ಬಿ ಮುಗಿಯುವ ತನಕ.

ಮರುದಿನ ಮುಂಜಾನೆ ಅಂಗಳದಲ್ಲಿ ಗಾಡಿ ನಿಂತಿತ್ತು. ಅವತ್ತು ಶುಕ್ರವಾರವಾದ್ದರಿಂದ ನಮ್ಮ ಉರ್ದು ಶಾಲೆಗೆ ವಾರದ ರಜೆಯಿತ್ತೋ, ನಾನೇ ರಜೆ ಹಾಕಿದ್ದೆನೋ, ಅಂತೂ ನಾನು ಹೊಸ ರುಮಾಲು ಸುತ್ತಿಕೊಂಡು ತಯಾರಾಗಿದ್ದೆ. ಚರಗದಲ್ಲಿ ನಂಬಿಕೆ ಇಲ್ಲದಿದ್ದರೂ ಹೋಳಿಗೆಯಲ್ಲಿ ಇತ್ತು. ಅವ್ವ, ಅತ್ತಿಗೆ ಗಾಡಿ ಹತ್ತಿದರು. ಬುಟ್ಟಿಗಳು ಹತ್ತಿದವು. ನೀಲವ್ವ ಮದುವೆಯ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಹಬ್ಬವಲ್ಲವೇ, ಉಟ್ಟಿದ್ದಾಳೆ ಅಂದುಕೊಂಡೆ. ಕೂಸನ್ನು ನನ್ನ ಕೈಗೆ ಕೊಟ್ಟಳು. ಬುಟ್ಟಿ ಸರಿಪಡಿಸಲಿಕ್ಕೆ ಇರಬೇಕು ಅಂದುಕೊಂಡೆ. ಅವಳು ಗಾಲಿಯ ಮೇಲೆ ಕಾಲಿಟ್ಟು, ಹತ್ತಿ, ಅವ್ವನ ಪಕ್ಕದಲ್ಲಿ ಕುಳಿತುಬಿಟ್ಟಳು.

"ಎಲ್ಲಿಗೆ?" ಅಂದೆ.

"ಹೊಲಕ್ಕ."

"ಮನಿ ಯಾರ ಕಾಯಬೇಕು?"

"ನೀವ ಕಾಯ್ರಿ. ನಿಮಗ ಭೂಮಿತಾಯಿ ಇಲ್ಲ, ಪಾಂಡವ್ರಿಲ್ಲ, ಚರಗ ಸುಳ್ಳು. ಅಲ್ಲಿ ಬಂದು ಏನ್ ಮಾಡ್ತೀರಿ? ನನಗ ನಂಬಿಕಿ ಐತಿ, ನಾ ಹೋಗ್ತೀನಿ."

ಈ ವಾದದಲ್ಲಿ ದೋಷ ಹುಡುಕಿದೆ. ಇವತ್ತಿನ ತನಕ ಸಿಕ್ಕಿಲ್ಲ. ಅವ್ವ, "ಗಂಡಸು ಮನ್ಯಾಗ, ಹೆಂಗಸು ಹೊಲದಾಗ. ಏನ್ ಕಾಲ ಬಂತವ್ವಾ" ಎಂದು ಗೊಣಗಿದಳು. ಆದರೆ ಇಳಿ ಎಂದು ಹೇಳಲಿಲ್ಲ. ಅಣ್ಣನಿಗೆ ಅತ್ತಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಅವನು ಎತ್ತಿನ ಹಗ್ಗ ಸಡಿಲಿಸುತ್ತ, "ಲೇ ತಮ್ಮಾ, ಧ್ಯಾನ ಮಾಡ್ಕೊಂತ ಕುಂದ್ರು. ಎತ್ತಿಗೆ ಹೊತ್ತಾತು" ಅಂದ. ಗಾಡಿ ಗೆಜ್ಜೆ ಸದ್ದು ಮಾಡುತ್ತ ಓಣಿ ತಿರುಗಿತು. ನಾನು ಹೊಸ ರುಮಾಲಿನಲ್ಲಿ, ಕೂಸನ್ನು ಎತ್ತಿಕೊಂಡು, ಅಂಗಳದ ನಡುವೆ.

ಸಿಟ್ಟು ಎಷ್ಟು ಬಂತೆಂದರೆ ಅವತ್ತೇ ಹೈದರಾಬಾದಿಗೆ ಹೊರಟುಹೋಗಬೇಕು ಅನಿಸಿತು. ಅಷ್ಟರಲ್ಲಿ ಕೂಸು ನನ್ನ ಅಂಗಿಯನ್ನು ತೋಯಿಸಿತು. ಅಂಗಿ ಬದಲಿಸುವಾಗ ಮಗಳು ಗಿರಿಜಾ, ಆಗ ಇನ್ನೂ ಚಿಕ್ಕವಳು, ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿ ಕುಳಿತಿದ್ದಳು. ಚೆಲ್ಲಿದ ಹಿಟ್ಟು ಗುಡಿಸುವಾಗ ಕೂಸು ಅತ್ತಿತು. ಕೂಸನ್ನು ತೊಟ್ಟಿಲಿಗೆ ಹಾಕಿದರೆ ಗಿರಿಜಾ, "ಅಪ್ಪಾ, ಅವ್ವ ಹಾಡ್ತಾಳ, ನೀ ಹಾಡು" ಅಂದಳು. ನನಗೆ ಬರುತ್ತಿದ್ದದ್ದು ಬಾದಶಹರ ವಂಶಾವಳಿ. ಅದನ್ನೇ ರಾಗವಾಗಿ ಹೇಳಿದೆ.

ಗೋಡೆಯ ಆಚೆಯಿಂದ ನೆರೆಮನೆಯ ಹುಸೇನಮ್ಮ ಇಣುಕಿದಳು. "ಏನ್ ಮಾಸ್ತರ, ನೀವ್ ತೊಟ್ಲ ತೂಗಾಕತ್ತೀರಿ? ನೀಲವ್ವಗ ಮೈಯಾಗ ಆರಾಮಿಲ್ಲೇನ್ರಿ?"

"ಹೊಲಕ್ಕ ಹೋಗ್ಯಾಳ."

"ಮತ್ತ ನೀವು?"

"ಮನಿ ಕಾಯಾಕತ್ತೀನಿ."

"ಯಾ ಅಲ್ಲಾ!" ಎಂದು ಆಕೆ ಮಾಯವಾದಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಬೇರೆ ತಲೆಗಳು ಕಂಡವು. ಒಬ್ಬಾಕೆ ಮಜ್ಜಿಗೆ ಬೇಡುವ ನೆವದಲ್ಲಿ ಒಳಗೇ ಬಂದು ನೋಡಿಕೊಂಡು ಹೋದಳು. ಮಜ್ಜಿಗೆ ಒಯ್ಯಲು ಮರೆತಳು. ಹುಸೇನಮ್ಮ ಮತ್ತೆ ಬಂದು, "ಉಂಡೀರೇನ್ರಿ? ಎರಡು ರೊಟ್ಟಿ ಕೊಡ್ಲೇನು?" ಅಂದಾಗ "ಉಂಡೀನಿ" ಅಂದೆ. ಉಂಡಿರಲಿಲ್ಲ. ಮಾಡಿದ್ದೆಲ್ಲ ಹೊಲಕ್ಕೆ ಹೋಗಿತ್ತು. ಮಕ್ಕಳಿಗೆ ಹಾಲಿತ್ತು. ನನಗೆ ಮರ್ಯಾದೆ ಇತ್ತು.

ಲೇಖನದ ಪ್ರಕಾರ ನಡೆಯಲು ಪ್ರಾಮಾಣಿಕವಾಗಿ ಯತ್ನಿಸಿದೆ. ಬಟ್ಟೆ ಹಿಂಡುವಾಗ ಅರ್ಥ ಹುಡುಕಿದೆ. ಹಿಂಡಿ ಹರವಿದ ಬಟ್ಟೆ ಒಣಗುವ ಮೊದಲೇ ಇನ್ನೊಂದು ತೋಯ್ದಿತ್ತು, ಅದರ ಅರ್ಥ ಅಷ್ಟೇ. ಪಾತ್ರೆಗೆ ಕೃತಜ್ಞನಾಗಲು ನೋಡಿದೆ. ತಳ ಹತ್ತಿದ ಹಾಲಿನ ಪಾತ್ರೆಗೆ ಕೃತಜ್ಞನಾಗುವುದು ಹೇಗೆಂದು ಆ ಮಹಾಶಯರು ಬರೆದಿರಲಿಲ್ಲ. ಆ ಮನುಷ್ಯನ ಹೆಂಡತಿ ಅದನ್ನು ಓದಿದ್ದಳೇ? ಓದಿದ್ದರೆ ಆತ ಎರಡನೆಯ ಲೇಖನ ಬರೆದನೇ? ಕೊನೆಗೆ ಒಲೆ ಆರುತ್ತ ಬಂದಾಗ ಆ ಹಾಳೆಯನ್ನೇ ಹರಿದು ಉರಿ ಹಚ್ಚಿದೆ ಎಂದು ಹೇಳುವುದು ನನ್ನ ರೂಢಿ. ನಿಜವಾಗಿ ಹಚ್ಚಿದೆನೋ ಇಲ್ಲವೋ. ಆ ಸಂಚಿಕೆ ನನ್ನ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಇಲ್ಲ, ಆದರೆ ಗೆದ್ದಲು ತಿಂದ ಬೇರೆ ಸಂಚಿಕೆಗಳೂ ಇಲ್ಲ.

ಮಧ್ಯಾಹ್ನ ಹಸಿವು ಹೊಟ್ಟೆ ಕಿವಿಚುವಾಗ ಒಂದು ಪ್ರಶ್ನೆ ಬಂತು: ಪ್ರತಿ ವರ್ಷ ಈ ಹೊತ್ತಿಗೆ ನೀಲವ್ವ ಏನು ತಿನ್ನುತ್ತಿದ್ದಳು? ಸಂಜೆ ನಾವು ಬುಟ್ಟಿಯ ತಳದಲ್ಲಿ ತಂದ ಚೂರುಪಾರು ಅವಳ ಪಾಲಿಗೆ ಹೋಗುತ್ತಿತ್ತು ಎಂಬುದು ನನಗೆ ಗೊತ್ತೇ ಇತ್ತು. ಅಲ್ಲಿಯ ತನಕ ಏನು? ಪ್ರಪಂಚದ ಮೇಲೆಲ್ಲ ಹಾಯುತ್ತಿದ್ದ ಸಿಟ್ಟು ಆಗ ಸ್ವಲ್ಪ ನನ್ನ ಕಡೆಗೂ ತಿರುಗಿತು. ಬಹಳ ಹೊತ್ತು ಅಲ್ಲ. ಕೂಸು ಎದ್ದಿತು.

ಸಂಜೆ ಗಾಡಿ ಬಂತು. ನೀಲವ್ವ ನಗುತ್ತ ಇಳಿಯುತ್ತಾಳೆ, ನಾನು ಗಂಭೀರವಾಗಿ ಒಂದೆರಡು ಮಾತು ಆಡಬೇಕು ಎಂದು ತಯಾರಾಗಿದ್ದೆ. ಅವಳ ಮುಖ ನನ್ನ ಮುಖಕ್ಕಿಂತ ಕೆಂಪಾಗಿತ್ತು.

"ಹೆಂಗಿತ್ತು ಚರಗ?" ಅಂದೆ.

"ಏನ್ ಹೆಂಗಿತ್ತು! ಇಲ್ಲಿ ಮಾಡಿದ್ದನ್ನ ಅಲ್ಲಿಗೆ ಹೊತ್ಕೊಂಡ ಹೋಗಿ ನೀಡೋದು. ಭೂಮಿಗೆ ಉಣಸಿದ್ರು, ಎತ್ತಿಗೆ ಉಣಸಿದ್ರು, ಕಲ್ಲಿಗೂ ಎಡಿ ಹಿಡದ್ರು. ಬಾಜೂ ಹೊಲದವ್ರು, ಹಾದಿಗೆ ಹೋಗೋರು, ಎಲ್ಲಾರ್ನೂ ಕರದು ಕುಂದ್ರಿಸಿದ್ರು. ನೀಡಿ ನೀಡಿ ನನ್ನ ಸೊಂಟ ಹೋತು. ನೀ ಉಂಡೇನವ್ವಾ ಅಂತ ಒಬ್ರರ ಕೇಳಬೇಕಲ್ಲ?"

ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಗೋಡೆಯ ಕಡೆ ಮುಖ ಮಾಡಿ ಹಾಲು ಕುಡಿಸುತ್ತ ಅಂದಳು: "ಇಷ್ಟ ವರ್ಷ ನೀವೆಲ್ಲಾ ಹೋದ ಮ್ಯಾಲ ಮನಿ ಸುಮ್ಮನಾಗ್ತಿತ್ತು. ಹುಡುಗ್ರು ಮಲಗಿದ್ರ, ಅಂಗಳದಾಗ ಬಿಸಲಿಗೆ ಕುಂತು ತಲಿ ಬಿಚ್ಚಿ ಒಣಗಿಸ್ಕೊಂತಿದ್ದೆ. ನೀರ ತಾ ಅನ್ನೋರಿಲ್ಲ, ಎಲ್ಲಿ ಸತ್ತಿ ಅನ್ನೋರಿಲ್ಲ. ಹಸಿವಿ ಆಗ್ತಿತ್ತು, ಆಗ್ಲಿ ಬಿಡ್ರಿ. ವರ್ಷಕ್ಕ ಅದೊಂದು ದಿನ ನಂದಿತ್ತು. ಇವತ್ತ ಅದೂ ಹೋತು."

"ಹಂಗಾದ್ರ ಯಾಕ ಹೋದಿ?"

"ನೀವು ಓದಿ ಹೇಳಿದ್ರಲ್ಲ, ಅದಕ್ಕ. ನಿಮ್ಮ ಬಾಯಿಂದ ಅದನ್ನ ಕೇಳಿದ ಮ್ಯಾಲ ಇಲ್ಲಿ ಕುಂದ್ರಾಕ ಮನಸಾಗಲಿಲ್ಲ."

ಅಂದರೆ ಅವಳ ಹತ್ತಿರ ಒಂದು ಸುಖ ಇತ್ತು. ಅದಕ್ಕೆ ಅವಳು ಯಾರಿಗೋ ಮನಸ್ಸಿನಲ್ಲೇ ಋಣಿಯಾಗಿಯೂ ಇದ್ದಳು. ಅದಕ್ಕೆ ಲೇಖನ ಬೇಕಾಗಿರಲಿಲ್ಲ. ನಾನು ಓದಿದೆ, ಅದು ಕೆಟ್ಟಿತು. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. "ಮಾತಾಡಬ್ಯಾಡ್ರಿ," ಅಂದಳು, "ಮುಂದಿನ ಎಳ್ಳಮಾಸಿಗೆ ಹುಡುಗ್ರನ್ನ ಇಬ್ಬರನ್ನೂ ಕರ್ಕೊಂಡು ಹೋಗ್ರಿ. ನಂಬಿಕಿ ಇರ್ಲಿ, ಬಿಡ್ಲಿ. ನನಗ ನನ್ನ ದಿನ ಕೊಡ್ರಿ."

ಮುಂದಿನ ವರ್ಷ ನಾನು ಗಾಡಿಯಲ್ಲಿ ಕುಳಿತೆ, ತೊಡೆಯ ಮೇಲೆ ಮಗ, ಹೆಗಲ ಮೇಲೆ ಗಿರಿಜಾ. ಹೊಲದಲ್ಲಿ ಅಣ್ಣ ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ನಾನು ಹಿಂದಿನಿಂದ ನೀರು ಚಿಮುಕಿಸುತ್ತ ಅವನಿಗೆ ದನಿಗೂಡಿಸಿದೆ. ಊರ ಹಿರಿಯರಿಗೆ ಭಾರಿ ಸಂತೋಷ. "ಮಾಸ್ತರಗ ಬುದ್ಧಿ ಬಂತು ನೋಡ್ರಿ, ದೇವರ ಕಡೆ ಹೊಳ್ಳಿದ" ಎಂದು ಬೆನ್ನು ತಟ್ಟಿದರು. ಅಲ್ಲ, ನನ್ನ ಹೆಂಡತಿ ಮನೆಯಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದಾಳೆ, ಅದಕ್ಕೆ ಬಂದಿದ್ದೇನೆ ಎಂದು ಹೇಳುವುದು ಹೇಗೆ? ಹಲ್ಲು ಕಚ್ಚಿಕೊಂಡು ಭಕ್ತನಾದೆ. ಮಕ್ಕಳು ದೊಡ್ಡವರಾಗುವ ತನಕ ಹಾಗೇ ಇದ್ದೆ.

ಇಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ಗಿರಿಜಾ, ಈಗ ಗಂಗಾವತಿಯಲ್ಲಿ ಸಂಸಾರ ಮಾಡುತ್ತಿರುವವಳು, ತನ್ನ ಮಕ್ಕಳಿಗೆ ಇದನ್ನು ಬೇರೆ ಥರ ಹೇಳುತ್ತಾಳೆ. ಆ ದಿನ ಅವ್ವ ಸಿಟ್ಟಿನಲ್ಲಿ ಹೋದರೂ ಅಪ್ಪನಿಗಾಗಿ ಎರಡು ಹೋಳಿಗೆಯನ್ನು ಅಡಿಗೆಮನೆಯ ತೊಲೆಗೆ ತೂಗುಬಿಟ್ಟ ನೆಲುವಿನಲ್ಲಿ ಇಟ್ಟು ಹೋಗಿದ್ದಳಂತೆ. ದಡ್ಡ ಅಪ್ಪ ತಲೆ ಎತ್ತಿ ನೋಡಲೇ ಇಲ್ಲವಂತೆ. ಕೇಳಿದವರೆಲ್ಲ ಕಣ್ಣು ಒರೆಸಿಕೊಳ್ಳುತ್ತಾರೆ, ಹೆಣ್ಣಿನ ಅಂತಃಕರಣ ಎನ್ನುತ್ತಾರೆ. ನಾನೂ ನಂಬಿದೆ. ಎರಡು ಮೂರು ಕಡೆ ಭಾಷಣದಲ್ಲಿ ಹೇಳಿ, ನಡುವೆ ಮಾತು ನಿಲ್ಲಿಸಿ ನೀರು ಕುಡಿದದ್ದೂ ಉಂಟು. ಆದರೆ ಹಳೆಯ ಚಟ ಬಿಡಬೇಕಲ್ಲ. ಒಂದು ದಿನ ನೀಲವ್ವ ಬಳ್ಳೊಳ್ಳಿ ಸುಲಿಯುವಾಗ ಕೇಳಿಯೇಬಿಟ್ಟೆ.

"ಯಾವ ಹೋಳಿಗಿ?" ಅಂದಳು. "ಗಿರಿಜಾ ಆವಾಗ ಸಣ್ಣ ಹುಡುಗಿ, ಆಕಿಗೇನ ಗೊತ್ತು. ನಾ ಏನೂ ಇಟ್ಟಿದ್ದಿಲ್ಲ."

"ಗಡಿಬಿಡ್ಯಾಗ ಮರತಿರಬೇಕು."

"ಮರತಿದ್ದಿಲ್ಲ."

ಒಂದೇ ಸಾಕ್ಷಿಯ ಮೇಲೆ ತೀರ್ಮಾನ ಮಾಡಬಾರದು. ಅತ್ತಿಗೆ ಈಗ ಕುಷ್ಟಗಿಯಲ್ಲಿ ಮಗನ ಹತ್ತಿರ ಇದ್ದಾಳೆ. ಬಸ್ಸು ಹತ್ತಿ ಹೋಗಿ, ನೀಲವ್ವನ ಉತ್ತರ ಹೇಳದೆ, ಬೇರೆಯಾಗಿ ವಿಚಾರಿಸಿದೆ. ಮುದುಕಿ ಕಿವಿ ಮಂದ, ನೆನಪು ಚುರುಕು. "ಬುಟ್ಟಿ ಕಟ್ಟುಮುಂದ ನಾನ ಅಂದಿದ್ನಪ್ಪಾ, 'ಎರಡು ಹೋಳಿಗಿ ತಗದಿಡೋಣೇನ ನೀಲವ್ವಾ, ಅಂವ ಉಪವಾಸ ಬೀಳ್ತಾನ' ಅಂತ. 'ಬ್ಯಾಡಕ್ಕಾ, ಹಸೀಲಿ' ಅಂದ್ಲು."

ಇಬ್ಬರ ಮಾತೂ ಕೂಡಿತು. ಈ ಬರಹದಲ್ಲಿ ನಾನು ವಿಚಾರಿಸಿ ಖಚಿತ ಮಾಡಿಕೊಂಡ ಸಂಗತಿ ಇದೊಂದೇ: ನೆಲುವಿನಲ್ಲಿ ಏನೂ ಇರಲಿಲ್ಲ, ಬೇಕಂತಲೇ ಇಟ್ಟಿರಲಿಲ್ಲ.