ರೊಟ್ಟಿ ಮುಟ್ಟಿಸುವ ದರ

ನನ್ನ ಹೆಂಡತಿ ಗಿರಿಜಾ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಅವನ್ನು ಮನೆಮನೆಗೆ ಮುಟ್ಟಿಸುವುದಕ್ಕೆ ಎಷ್ಟು ದರ ಹಾಕಬೇಕೆಂದು ವೈಜ್ಞಾನಿಕವಾಗಿ ನಿರ್ಧರಿಸಬಲ್ಲವನು ಇಡೀ ಶಿಗ್ಗಾವಿಯಲ್ಲಿ ನಾನೊಬ್ಬನೇ ಎಂಬ ಖಾತ್ರಿ ನನಗಿತ್ತು. ಗಣಿತ ಕಲಿಸಿ ನಿವೃತ್ತನಾದ ಮಾಸ್ತರ ನಾನು.

"ಊರಾಗ ಹತ್ತು ರೂಪಾಯಿ, ಹೊರಗ ಮೂವತ್ತು ಇಟ್ಟುಬಿಡ್ರಿ," ಎಂದಳು ಗಿರಿಜಾ.

ಇಷ್ಟು ಸುಲಭವಾದದ್ದು ಸರಿಯಿರಲಾರದು ಎಂದು ತಳ್ಳಿಹಾಕಿದೆ.

ಮೊದಲು ತೂಕದ ಪದ್ಧತಿ ತಂದೆ. ನೂರು ರೊಟ್ಟಿ ಸ್ಕೂಟರಿನ ಹಿಂದೆ ಗೋಪುರದಂತೆ ನಿಲ್ಲುತ್ತವೆ. ತಕ್ಕಡಿಗೆ ಹಾಕಿದರೆ ಇದ್ದೂ ಇಲ್ಲದಂತೆ. ಪೆಟ್ರೋಲಿನ ದುಡ್ಡೂ ಹುಟ್ಟಲಿಲ್ಲ. ಆಮೇಲೆ ದೂರದ ಪದ್ಧತಿ. ದಾರಿ ತಪ್ಪಿ ಸವಣೂರು ರಸ್ತೆ ಹಿಡಿದ ದಿನ, ತಪ್ಪಿದ ಕಿಲೋಮೀಟರುಗಳನ್ನೂ ಗಿರಾಕಿಯ ತಲೆಗೆ ಹಚ್ಚಿದೆ. ಅವರು ಈಗ ನಮ್ಮ ಗಿರಾಕಿಯಲ್ಲ.

ಮೂರನೆಯದು ಸಮಯದ ಪದ್ಧತಿ. ಮನೆ ಬಿಟ್ಟಾಗ ಫೋನಿನ ಗಡಿಯಾರ ಶುರು, ಗಿರಾಕಿಯ ಮನೆಯಿಂದ ಹೊರಬಿದ್ದಾಗ ಬಂದ್. ಹತ್ತು ನಿಮಿಷಕ್ಕೆ ಹದಿನೈದು ರೂಪಾಯಿ. ಇದರಲ್ಲಿ ದೋಷವೇ ಇರಲಿಲ್ಲ.

ಅಷ್ಟರಲ್ಲಿ ದುಂಡಸಿಯ ಶಾಂತವ್ವನವರಿಂದ ಫೋನು ಬಂತು. ಬಸುರಿ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಐನೂರು ರೊಟ್ಟಿ ಬೇಕಂತೆ. ಮೊದಲು ಇಪ್ಪತ್ತು ಕಳಿಸಿದರೆ ತಿಂದು ನೋಡಿ ಹೇಳುತ್ತಾರಂತೆ. ಗಿರಿಜಾಳಿಗೆ ಅಷ್ಟು ದೊಡ್ಡ ಗಿರಾಕಿ ಸಿಕ್ಕಿದ್ದು ಅದೇ ಮೊದಲು.

"ಕೊಟ್ಟು ಬಂದುಬಿಡ್ರಿ. ಹೆಚ್ಚಿಗಿ ಮಾತಾಡಬ್ಯಾಡ್ರಿ," ಎಂದು ಹೇಳಿ ಕಳಿಸಿದಳು.

ರೊಟ್ಟಿ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ನನ್ನ ಗಣಿತ ಇದನ್ನು ಗಮನಿಸಿರಲಿಲ್ಲ.

"ಬರ್ರಿ ಮಾಸ್ತರ್ರ, ಕುಂದರ್ರಿ. ಬಿಸಲಾಗ ಬಂದೀರಿ," ಎಂದರು ಶಾಂತವ್ವ. ಚಹಾ ಬಂತು. ಮಂಡಕ್ಕಿ ಸುಸಲಾ ಬಂತು. ಕುಬಸದ ಸೀರೆ ಬಂದವು. ನಾನು ಬಣ್ಣಗಳ ಕುರಿತು ಅಭಿಪ್ರಾಯ ಕೊಟ್ಟೆ. ಮತ್ತೆ ಚಹಾ ಬಂತು. ನೆನಪನ್ನು ಕೇಳಿದರೆ ನಾನು ಅಲ್ಲಿ ಹತ್ತೇ ನಿಮಿಷ ಕೂತಿದ್ದೆ. ಈ ಕಥೆ ಹೇಳಿದಾಗಲೆಲ್ಲ ನೆನಪು ನನ್ನನ್ನು ಇನ್ನಷ್ಟು ಸಭ್ಯನನ್ನಾಗಿ ಮಾಡುತ್ತಿದೆ, ಅದನ್ನು ನಂಬಬೇಡಿ. ಫೋನಿನ ಪ್ರಕಾರ ಒಂದೂವರೆ ತಾಸು.

ದಾರಿಯ ಅರ್ಧ ತಾಸೂ ಸೇರಿ ಗಡಿಯಾರ ತೋರಿಸಿದ್ದು ಎರಡು ತಾಸು. ಚೀಟಿ ಬರೆದೆ. ರೊಟ್ಟಿಗೆ ನೂರಾ ಅರವತ್ತು. ಮುಟ್ಟಿಸಿದ್ದಕ್ಕೆ ನೂರಾ ಎಂಬತ್ತು.

ಶಾಂತವ್ವ ಚಾಳೀಸು ಏರಿಸಿಕೊಂಡು ಓದಿದರು. "ಇದೇನ್ರಿ ಇದು?"

"ಸಮಯದ ಲೆಕ್ಕಾರೀ. ಪದ್ಧತಿ ಪ್ರಕಾರ ಹಾಕೇನಿ."

"ಅಂದರ ಚಾ ಕುಡದವರು ನೀವು, ರೊಕ್ಕಾ ಕೊಡೋರು ನಾವು?"

"ಹಂಗಲ್ಲರೀ, ನೀವ ಕುಂದರ್ರಿ ಅಂದ್ರಿ..."

"ಅಂದೆ. ಏಳ್ರಿ ಅನ್ನಾಕ ಎಷ್ಟಾಗತೈತಿ, ಅದನ್ನೂ ಬರೀರಿ."

ಒಳಗೆ ಮೊಮ್ಮಗಳು ಕಿಸಕ್ಕನೆ ನಕ್ಕಳು. ನಾನು ಗಾಂಭೀರ್ಯ ಬಿಡದೆ, ಎರಡನೇ ಚಹಾದ ಹೊತ್ತನ್ನು ರಿಯಾಯಿತಿಯಾಗಿ ಬಿಡಬಹುದೆಂದು ಸೂಚಿಸಿದೆ. ಅದು ಸಹಾಯಕ್ಕೆ ಬರಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಶಾಂತವ್ವನವರ ಫೋನು ಮುಟ್ಟಿತ್ತು. ಗಿರಿಜಾ ಹೊಸ್ತಿಲಲ್ಲಿ ನಿಂತಿದ್ದಳು.

"ಸುಸಲಾ ತಿಂದದ್ದಕ್ಕೂ ಹಾಕೀರಿ?"

"ಬ್ಯಾಡ ಅಂದರ ಅವರಿಗೆ ಬ್ಯಾಸರ ಆಗತೈತಿ ಅಂತ ತಿಂದೇನಿ."

"ಐನೂರು ರೊಟ್ಟಿ ಹೋದ್ವು ಅಂದರ ನನಗ ಬ್ಯಾಸರ ಆಗೂದಿಲ್ಲೇನ್ರಿ?"

ಮರುದಿನ ಅವಳೇ ಬಸ್ಸು ಹತ್ತಿ ದುಂಡಸಿಗೆ ಹೋದಳು, ಚಹಾ ಕುಡಿದಳು, ಐನೂರು ರೊಟ್ಟಿಯ ಆರ್ಡರು ಉಳಿಸಿಕೊಂಡು ಬಂದಳು. ಬಂದವಳೇ ಬಾಗಿಲ ಪಕ್ಕ ಹೊಸ ದರಪಟ್ಟಿ ಅಂಟಿಸಿದಳು. ಎರಡೇ ಸಾಲು: ಟಂಟಂ ಆಟೋದಲ್ಲಿ ಕಳಿಸಿದರೆ ಐವತ್ತು ರೂಪಾಯಿ. ಮಾಸ್ತರು ತಂದುಕೊಟ್ಟರೆ ಪುಕ್ಕಟೆ.

ಅಂಟಿಸಿ ತಿಂಗಳಾಯಿತು. ಪುಕ್ಕಟೆ ಯಾರೂ ಕೇಳಿಲ್ಲ.