ಹತ್ತಕ್ಕೆ ಎರಡು

ಬೆಡ್‌ಶೀಟಿನ ಒಂದು ತುದಿ ಅಪ್ಪನ ಕೈಯಲ್ಲಿತ್ತು, ಇನ್ನೊಂದು ಆರು ವರ್ಷದ ಮಗಳ ಕೈಯಲ್ಲಿ. ಮೂಲೆಗೆ ಮೂಲೆ ಸೇರಿಸಬೇಕು ಎನ್ನುವಷ್ಟರಲ್ಲಿ ಸ್ಟೋರ್ ರೂಮಿನೊಳಗೆ ಢಬ್ಬೆಂದು ಸದ್ದಾಯಿತು. ಅಪ್ಪ ತನ್ನ ತುದಿ ಬಿಟ್ಟು ಓಡಿದ. ಮಗಳು ತನ್ನದನ್ನು ಬಿಡಲಿಲ್ಲ. ಇಡೀ ಬೆಡ್‌ಶೀಟನ್ನು ರಾಣಿಯ ಸೆರಗಿನಂತೆ ನೆಲದ ಮೇಲೆ ಎಳೆದುಕೊಂಡು ಹಿಂದೆಯೇ ಹೋದಳು.

ಅಪ್ಪ ಪ್ರಯೋಗಕ್ಕೆಂದು ಮನೆಯಲ್ಲೇ ಮಾಡಿದ್ದ ಬಿಯರಿನ ಮೂರು ಬಾಟಲಿಗಳಲ್ಲಿ ಒಂದು ಸಿಡಿದಿತ್ತು. ಬಾರ್ಲಿ, ಕಿತ್ತಳೆ ಸಿಪ್ಪೆ, ಕಾಳುಮೆಣಸು ಹಾಕಿ ಕಾದ ತಿಂಗಳ ತಪಸ್ಸು ಗೋಡೆಯ ಮೇಲಿಂದ ನಿಧಾನವಾಗಿ ಇಳಿಯುತ್ತಿತ್ತು.

"ನೆನಪಿದೆ ತಾನೆ?" ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ಇವತ್ತು ಅಣ್ಣ, ಪಕ್ಕದ್ಮನೆ ಮೇಷ್ಟ್ರು ಇಬ್ರೂ ಕುಡಿದು ಚೆನ್ನಾಗಿದೆ ಅಂದ್ರೆ ಸರಿ. ಇಲ್ದಿದ್ರೆ ನಿಮ್ಮ ಬಕೆಟ್ಟು ಕೊಳವೆ ಎಲ್ಲಾ ಹೊರಗೆ, ನನ್ನ ಹೊಲಿಗೆ ಮಿಷನ್ನು ಒಳಗೆ."

ಅವಳ ಮಾತೂ ನ್ಯಾಯವೇ. ಎಷ್ಟೋ ತಿಂಗಳಿಂದ ಮಂಚಕ್ಕೂ ಗೋಡೆಗೂ ನಡುವೆ ಮಡಚಿಕೊಂಡು ಕೂತು ಹೊಲಿಯುತ್ತಿದ್ದಳು.

ಅವಳು ಅತ್ತ ಹೋದಮೇಲೆ ಅಪ್ಪ ಗೋಡೆಗೆ ಬೆರಳು ಹಚ್ಚಿ ನೆಕ್ಕಿ ನೋಡಿದ. ನೆಗಡಿಯಿಂದ ಮೂಗು ಹೊಲಿದ ಗೋಣಿಚೀಲದಂತೆ ಬಿಗಿದಿತ್ತು. ಗೋಡೆಯ ಸುಣ್ಣದ ರುಚಿ ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಅಲ್ಲಿಗೆ ಅವನ ಧೈರ್ಯ ಉಡುಗಿತು.

ಅಮ್ಮ ಸ್ನಾನಕ್ಕೆ ಹೋಗುವುದನ್ನೇ ಕಾದು, ಅಂಗಡಿಗೆ ಓಡಿ ಎರಡು ಬಾಟಲಿ ಬಿಯರ್ ತಂದ. ಅಡುಗೆಮನೆಯಲ್ಲಿ ಲಾಳಿಕೆ ಹಿಡಿದು, ತನ್ನದನ್ನು ಜಗ್ಗಿಗೆ ಬಗ್ಗಿಸಿ, ಅಂಗಡಿಯದನ್ನು ತನ್ನ ಬಾಟಲಿಗಳಿಗೆ ತುಂಬಿದ. ಜಗ್ಗಿನಲ್ಲಿದ್ದದ್ದನ್ನು ಚೆಲ್ಲಲು ಮಾತ್ರ ಕರುಳು ಒಪ್ಪಲಿಲ್ಲ. ಅದನ್ನು ಅಂಗಡಿಯ ಬಾಟಲಿಗಳಿಗೆ ಸುರಿದು, ಮುಚ್ಚಳ ಒತ್ತಿ, ಫ್ರಿಜ್ಜಿನಲ್ಲಿ ಹೂಕೋಸಿನ ಹಿಂದೆ ಮಲಗಿಸಿದ.

"ಅಪ್ಪಾ, ಇದ್ಯಾಕೆ..."

"ಆಮೇಲೆ ಕೇಳು ಪುಟ್ಟಿ."

ಮಧ್ಯಾಹ್ನ ತೀರ್ಪುಗಾರರು ಬಂದರು. ಅಮ್ಮನ ಅಣ್ಣ, ಅಂದರೆ ಪುಟ್ಟಿಯ ಮಾವ, ನೀರು ಸರಬರಾಜು ಕಚೇರಿಯಲ್ಲಿ ನೀರಿನ ಮಾದರಿ ಪರೀಕ್ಷಿಸುವವನು. ದ್ರವವೆಂಬುದೆಲ್ಲ ತನ್ನ ಇಲಾಖೆಗೇ ಸೇರಿದ್ದೆಂದು ನಂಬಿದವನು. ಮೇಷ್ಟ್ರು ನಿವೃತ್ತರಾಗಿದ್ದರೂ ಅಂಕ ಕೊಡುವುದನ್ನು ನಿಲ್ಲಿಸಿರಲಿಲ್ಲ.

ಕಿತ್ತಳೆ ಸಿಪ್ಪೆ, ಕಾಳುಮೆಣಸು ಹಾಕಿದ್ದೇನೆಂದು ಇಬ್ಬರಿಗೂ ತಿಂಗಳಿಂದ ಹೇಳುತ್ತಲೇ ಬಂದಿದ್ದ ಅಪ್ಪ ತನ್ನ ಬಾಟಲಿಗಳನ್ನು ತೆರೆದು ಲೋಟಗಳಿಗೆ ಬಗ್ಗಿಸಿದ. ಮಾವ ಒಂದು ಗುಟುಕು ತೆಗೆದುಕೊಂಡು, ಹಲ್ಲುಜ್ಜಿದವನಂತೆ ಬಾಯಿ ತುಂಬ ಆಡಿಸಿ ನುಂಗಿದ.

"ಕಿತ್ತಳೆ ಮಿತಿ ಮೀರಿದೆ ಭಾವ. ಆಮೇಲೆ ತಳದಲ್ಲಿ ಏನೋ ಒಂಥರಾ... ಒದ್ದೆ ಕಾಲುಚೀಲ."

"ಕಾಳುಮೆಣಸು ಗಂಟಲಿಗೆ ಹೊಡೀತು," ಎಂದು ಮೇಷ್ಟ್ರು ಕೆಮ್ಮಿದರು. "ಹತ್ತಕ್ಕೆ ಎರಡು. ಅದರಲ್ಲೂ ಒಂದಂಕ ಬಾಟ್ಲಿ ಚೆನ್ನಾಗಿ ತೊಳೆದಿರೋದಕ್ಕೆ."

ಅದರಲ್ಲಿ ಕಿತ್ತಳೆಯೂ ಇಲ್ಲ, ಮೆಣಸೂ ಇಲ್ಲ ಎನ್ನಲು ತೆರೆದ ಬಾಯನ್ನು ಅಪ್ಪ ಹಾಗೇ ಮುಚ್ಚಿದ.

"ಅಪ್ಪಾ, ಕಿತ್ತಳೆ..."

"ದೊಡ್ಡೋರು ಮಾತಾಡ್ತಿದಾರೆ ಪುಟ್ಟಿ."

ಅಮ್ಮನಿಗೆ ಬಂದವರನ್ನು ನೋಡಿ ಪಾಪವೆನಿಸಿತು. ಫ್ರಿಜ್ಜು ತೆರೆದ ಸದ್ದಿಗೆ ಅಪ್ಪ ಅರ್ಧ ಎದ್ದು, ಏನೂ ತೋಚದೆ ಹಾಗೇ ಕೂತ.

"ಬಾಯಿ ಕೆಟ್ಟಿರತ್ತೆ, ಇದನ್ನ ಕುಡೀರಿ. ಯಾವುದಕ್ಕೂ ಇರ್ಲಿ ಅಂತ ಅಂಗಡೀದು ತಂದು ಹೂಕೋಸಿನ ಹಿಂದೆ ಇಟ್ಟಿದಾರೆ ಇವ್ರು."

ಮಾವ ಕುಡಿದ. ಕಣ್ಣು ಮುಚ್ಚಿದ. ಮತ್ತೆ ಕುಡಿದ. "ಇದು ನೋಡಿ ಬಿಯರು."

"ಏನು ಘಮ, ಏನು ಹದ," ಎಂದರು ಮೇಷ್ಟ್ರು. "ಹತ್ತಕ್ಕೆ ಒಂಬತ್ತೂವರೆ. ಉಳಿದರ್ಧ ನಾನು ಯಾರಿಗೂ ಕೊಟ್ಟಿಲ್ಲ."

ತನ್ನ ಮಗುವಿಗೆ ಬಂದ ಬಹುಮಾನಕ್ಕೆ ಪಕ್ಕದ ಮನೆಯವರ ಹೆಸರು ಕೂಗಿದಂತಾಯಿತು ಅಪ್ಪನಿಗೆ. "ಅದೂ ಒಂಥರಾ... ನಂದೇ," ಎಂದ ಮೆಲ್ಲಗೆ.

ಮಾವ ಬೆನ್ನು ತಟ್ಟಿದ. "ನೀವೇ ತಂದದ್ದಲ್ವಾ, ಇನ್ಯಾರದು? ಸಮಾಧಾನ ಮಾಡ್ಕೊಳ್ಳಿ."

ನೆಗಡಿಗೆ ನೀರಾಡುತ್ತಿದ್ದ ಅಪ್ಪನ ಕಣ್ಣು ನೋಡಿ ಅಮ್ಮ ಕರಗಿದಳು. "ಒಂದು ಮಾತು ಅಣ್ಣ. ಕೆಟ್ಟದಾಗಿದ್ರೂ ತಾವು ಮಾಡಿದ್ದನ್ನೇ ತಂದು ಮುಂದಿಟ್ರು. ಬೇರೆಯವರಾಗಿದ್ರೆ ಅಂಗಡೀದನ್ನ ಸುರಿದು ನಂದೇ ಅಂತಿದ್ರು."

"ಅದು ನಿಜ. ಪ್ರಾಮಾಣಿಕತೆಗೆ ಬೇರೆ ಅಂಕ ಕೊಡ್ಬೇಕು," ಎಂದರು ಮೇಷ್ಟ್ರು.

"ಇನ್ನೊಂದ್ಸಲ ಮಾಡಿ ನೋಡಿ," ಅಮ್ಮ ಅಪ್ಪನ ಕಡೆ ತಿರುಗಿದಳು. "ರೂಮು ನಿಮಗೇ ಇರ್ಲಿ. ನಾನು ಮಂಚದ ಹತ್ರಾನೇ ಹೊಲ್ಕೋತೀನಿ."

ಅಪ್ಪ ಉಸಿರೆಳೆದುಕೊಂಡ. ಬೆಳಗಿನಿಂದ ಬಿಗಿದಿದ್ದ ಮೂಗು ಆಗಲೇ ತೆರೆದುಕೊಂಡು, ಲೋಟಗಳಿಂದ ಕಿತ್ತಳೆಯ ತೆಳು ಪರಿಮಳ ಒಳಗೆ ಬಂತು. ಹಗುರಾದ ಮನಸ್ಸಿನಲ್ಲಿ ಜಗತ್ತೆಲ್ಲ ಒಳ್ಳೆಯದಾಗಿ ಕಂಡಿತು. ಮೇಜಿನ ಅಂಚಿಗೆ ಗಲ್ಲ ಊರಿ ಕಾಯುತ್ತಿದ್ದ ಮಗಳ ತಲೆ ಸವರಿದ.

"ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ಯಲ್ಲ ಪುಟ್ಟಿ. ಈಗ ಕೇಳು."

ಪುಟ್ಟಿ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಪಾಠ ಒಪ್ಪಿಸುವಂತೆ ನೆಟ್ಟಗೆ ನಿಂತಳು.

"ನಿನ್ನ ಬಿಯರನ್ನ ಅಂಗಡಿ ಬಾಟ್ಲಿಗೆ ಹಾಕಿ, ಅಂಗಡೀದನ್ನ ನಿನ್ನ ಬಾಟ್ಲಿಗೆ ಯಾಕಪ್ಪಾ ಹಾಕ್ದೆ?"