ಮಾತನಾಡುವ ಕಸದ ಡಬ್ಬಿಗೆ, ಹದಿನಾಲ್ಕು ಕಿಲೊ ಹಳದಿ ಅನ್ನದ ವಿಷಯವಾಗಿ

ಮಾನ್ಯರೇ,

ಸಿದೊಅರ್ಜೊದ ನಮ್ಮ ಸಿಗಡಿ ಹಪ್ಪಳದ ಕಾರ್ಖಾನೆಯಲ್ಲಿ, ಕ್ಯಾಂಟೀನಿನ ಬಾಗಿಲ ಪಕ್ಕ ಹಸಿರು ಬಣ್ಣದಲ್ಲಿ ಕಂಗೊಳಿಸುತ್ತಿರುವ ತಮ್ಮ ಸನ್ನಿಧಿಗೆ ಕರಿಯುವ ವಿಭಾಗದ ವಾರ್ಸಿತೊ ಮಾಡುವ ಅನಂತ ನಮಸ್ಕಾರಗಳು. ತಮ್ಮ ಮುಚ್ಚಳ, ತಕ್ಕಡಿ, ಪರದೆ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ದಿನಕ್ಕೆರಡು ಸಲ ತಮ್ಮ ಮೈ ಒರೆಸಲೆಂದೇ ಒಬ್ಬರನ್ನು ನೇಮಿಸಿರುವುದರಿಂದ ತಾವು ನಮಗಿಂತ ಕ್ಷೇಮವಾಗಿಯೇ ಇರಬೇಕು.

ತಾವು ಬರುವ ಮೊದಲು ನಾವೆಷ್ಟು ಅನಾಗರಿಕರಾಗಿದ್ದೆವೆಂದು ನೆನೆದರೆ ನಾಚಿಕೆಯಾಗುತ್ತದೆ. ಬೇಯಿಸಿದ ಹಿಟ್ಟಿನ ಉರುಳೆಗಳನ್ನು ಬಿಲ್ಲೆಗಳಾಗಿ ಕೊಯ್ಯುವಾಗ ಉಳಿಯುವ ಸೊಟ್ಟ ತುದಿಗಳನ್ನು ನಾವು ಮನೆಗೆ ಒಯ್ದು, ಸೂರಿನ ಮೇಲೆ ಒಣಗಿಸಿ, ಕರಿದು ತಿನ್ನುತ್ತಿದ್ದೆವು. ಜಕಾರ್ತದಿಂದ ಬಂದ ತಜ್ಞರು ಅದು ತಿಂಡಿಯಲ್ಲ, 'ಅಳತೆಗೆ ಸಿಗದ ನಷ್ಟ' ಎಂದು ನಮ್ಮ ಕಣ್ಣು ತೆರೆಸಿದರು. ಅಂದಿನಿಂದ ಗೇಟು ದಾಟಿ ಒಂದು ತುಣುಕೂ ಹೋಗುವಂತಿಲ್ಲ. ಎಲ್ಲವೂ ತಮ್ಮ ಹೊಟ್ಟೆಗೇ ಬೀಳಬೇಕು, ಹಾಕುವವರು ಗುರುತಿನ ಚೀಟಿ ತೋರಿಸಬೇಕು, ತಾವು ತೂಗಿ ಅವರ ಹೆಸರಿಗೆ ಬರೆದುಕೊಳ್ಳಬೇಕು. ಆಹಾರ ಪೋಲಾಗದಂತೆ ಕಾರ್ಮಿಕರನ್ನು ತೊಡಗಿಸಿಕೊಳ್ಳುವುದೆಂದರೆ ಇದೇ ಅಂತೆ.

ಕೊಯ್ಯುವ ವಿಭಾಗದ ತುಮಿನಾ ಅವರನ್ನು ತಾವು ಚೆನ್ನಾಗಿ ಬಲ್ಲಿರಿ. ನಾವೆಲ್ಲ ತಾಯಿಯ ಸ್ಥಾನದಲ್ಲಿಟ್ಟು 'ಬು ತುಮಿನಾ' ಎನ್ನುತ್ತೇವೆ. ಇಪ್ಪತ್ತೆರಡು ವರ್ಷಗಳಿಂದ ಉರುಳೆಯನ್ನು ಹೆಬ್ಬೆರಳಲ್ಲಿ ಒತ್ತಿಯೇ ಅದು ಕೊಯ್ಯಲು ಹದವಾಗಿದೆಯೋ ಇಲ್ಲವೋ ಹೇಳುತ್ತಾ ಬಂದವರು. ಪೋಲು ತಗ್ಗಿಸಲು ಕಂಪನಿ ಸಲಹೆ ಕೇಳಿದಾಗ ಅವರು ನಿಜವಾಗಿಯೂ ಸಲಹೆ ಕೊಟ್ಟುಬಿಟ್ಟರು: ಉರುಳೆ ಒಂದು ದಿನ ಪೂರ್ತಿ ಆರಲಿ, ಬೆಚ್ಚಗಿರುವಾಗ ಕೊಯ್ದರೆ ಬಿಲ್ಲೆ ಹರಿಯುತ್ತದೆ. ಅವರ ಭಾವಚಿತ್ರ ಕೂಡಲೇ ಗೋಡೆ ಏರಿತು, ಉರುಳೆಗಳು ಮಾತ್ರ ಬೆಚ್ಚಗೇ ಬರುತ್ತಿದ್ದವು. ಬಿಲ್ಲೆಗಳು ಹರಿದವೆಂದು ಅವರಿಗೆ ಮೊದಲನೆಯ ಎಚ್ಚರಿಕೆ ಪತ್ರ ಬಂತು. ಅವರನ್ನು ಆ ಭಾವಚಿತ್ರದ ಕೆಳಗೇ ನಿಲ್ಲಿಸಿ ಅದನ್ನು ಕೊಟ್ಟರು.

ಆಮೇಲೆ ತಮ್ಮ ಆಗಮನದ ನೂರನೆಯ ದಿನ ಬಂತು. ತಂದೆಯ ಸ್ಥಾನದಲ್ಲಿಟ್ಟು ನಾವು 'ಪಾಕ್' ಎನ್ನುವ ವ್ಯವಸ್ಥಾಪಕ ದಾರ್ಮಾವಾನ್ ಅವರು ತಮ್ಮ ಗೌರವಾರ್ಥ ಗೋಪುರದಂಥ ಹಳದಿ ಅನ್ನದ ತುಂಪೆಂಗ್ ಮಾಡಿಸಿ, ತುದಿಯನ್ನು ತಮ್ಮ ಎದುರೇ ಕತ್ತರಿಸಿದರು. ನಮ್ಮಲ್ಲಿ ಇಂಥ ಔತಣದಲ್ಲಿ ಯಾರೂ ಹೊಟ್ಟೆ ತುಂಬ ತಿನ್ನುವುದಿಲ್ಲ. ಎರಡು ತುತ್ತು ತಿಂದು, ಉಳಿದದ್ದನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಮನೆಯಲ್ಲಿ ಕಾಯುವವರಿಗೆ ಒಯ್ಯುತ್ತೇವೆ. ಅಡುಗೆಯವರು ಆ ಲೆಕ್ಕದಲ್ಲೇ ಬೇಯಿಸಿದ್ದರು. ಗೇಟಿನ ನಿಯಮ ಅಡುಗೆಯವರಿಗೂ ನೆನಪಾಗಲಿಲ್ಲ, ನಿಯಮ ಮಾಡಿದವರಿಗೂ ನೆನಪಾಗಲಿಲ್ಲ. ನೆನಪಾದದ್ದು ಔತಣಕ್ಕೆ ಬಂದಿದ್ದ ಅತಿಥಿಗಳು ಕಾರು ಹತ್ತಿದ ಮೇಲೆ.

"ಪಾಕ್, ಬಾಳೆಲೆ ತರ್ಲಾ?" ಎಂದು ಬು ತುಮಿನಾ ಕೇಳಿದರು.

"ಎಲೆ ಯಾಕೆ ಬು? ಆಚೆ ಒಯ್ಯೋ ಹಾಗಿಲ್ವಲ್ಲ. ರೂಲ್ಸ್ ಮಾಡಿದ ನಾನೇ ಮುರಿದ್ರೆ ಹೇಗೆ? ನಿಮ್ಮ ಚೀಟಿ ತೋರ್ಸಿ ಡಬ್ಬಿಗೆ ಹಾಕ್ಬಿಡಿ," ಎಂದರು ಪಾಕ್ ದಾರ್ಮಾವಾನ್.

ಅವರು ಹಾಕಿದರು. ಆಗ ತಾವು ಇಡೀ ಕ್ಯಾಂಟೀನಿಗೆ ಕೇಳುವಂತೆ, "ಧನ್ಯವಾದಗಳು ಬು ತುಮಿನಾ, ಇಂದು ನೀವು ಪೋಲು ಮಾಡಿದ್ದು ಹದಿನಾಲ್ಕು ಕಿಲೊ," ಎಂದು ಮಧುರವಾಗಿ ಹೇಳಿ, ಪರದೆಯ ಮೇಲೆ ಅವರ ಮುಖದ ಪಕ್ಕ ಅಳುವ ಬೊಂಬೆಯೊಂದನ್ನು ತೋರಿಸಿದಿರಿ. ಬು ತುಮಿನಾ ನನ್ನ ಕಡೆ ತಿರುಗಿ, "ಎಸೆದ ಅನ್ನ ಅಳುತ್ತೆ ಅಂತ ನಮ್ಮಮ್ಮ ಹೆದರಿಸ್ತಿದ್ರು. ಡಬ್ಬಿ ಅಳೋದು ಇವತ್ತೇ ನೋಡಿದ್ದು ಕಣೋ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಸಂಜೆ ಗೇಟಿನಲ್ಲಿ ಅವರ ಚೀಲದಿಂದ ಒಂದು ಬಾಳೆಲೆಯ ಪೊಟ್ಟಣ ಹೊರಬಂತು. ಒಬ್ಬರಿಗೆ ಸಾಲುವಷ್ಟು ಅನ್ನ, ಅರ್ಧ ಮೊಟ್ಟೆ. "ಅತ್ತೆ ಬಾಗಿಲಲ್ಲೇ ಕೂತಿರ್ತಾರೆ. ಇವತ್ತು ಔತಣ ಇದೆ ಅಂತ ಬೆಳಿಗ್ಗೆನೇ ಹೇಳ್ಬಿಟ್ಟಿದ್ದೆ," ಎಂದರು. ಕಾವಲಿನವನು ತಲೆ ತಗ್ಗಿಸಿ, "ನಾನೇನು ಮಾಡ್ಲಿ ಬು, ಮೇಲೆ ಕ್ಯಾಮೆರಾ ಇದೆ," ಎಂದ. ಹೀಗೆ ಒಂದೇ ದಿನ, ಒಂದೇ ಅನ್ನವನ್ನು ಎಸೆದದ್ದಕ್ಕೆ ಎರಡನೆಯ ಪತ್ರವೂ ಎಸೆಯದೆ ಇದ್ದದ್ದಕ್ಕೆ ಮೂರನೆಯ ಪತ್ರವೂ ಅವರಿಗೆ ಬಂದವು. ಮೂರು ಪತ್ರವಾದರೆ ಕೆಲಸ ಹೋಗುತ್ತದೆ. ಸೋಮವಾರ ವಿಚಾರಣೆ. ನನಗೆ ಹೊಟ್ಟೆ ಉರಿಯುತ್ತಿದೆ ಮಾನ್ಯರೇ, ಇದನ್ನು ಸುತ್ತಿ ಬಳಸಿ ಹೇಳಲಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹವೇನೆಂದರೆ, ತಾವು ಗೋಡೆಯ ಪ್ಲಗ್ಗು ಕಿತ್ತುಕೊಂಡು, ಮಹಡಿ ಮೆಟ್ಟಿಲು ಹತ್ತಿ ಸೋಮವಾರದ ವಿಚಾರಣೆಗೆ ಸಾಕ್ಷಿಯಾಗಿ ಬರಬೇಕು. ಆ ಅನ್ನವನ್ನು ಬೇಯಿಸಲು ಹೇಳಿದವರಾರು, ಎಸೆಯಲು ಹೇಳಿದವರಾರು ಎಂಬುದನ್ನು ಅದೇ ಮಧುರ ಕಂಠದಲ್ಲಿ ಸಾರಬೇಕು. ನಾವು ಕರಿಯುವ ವಿಭಾಗದವರು ಹೇಳಿ ನೋಡಿದೆವು, ನಮ್ಮ ಮಾತಿಗೆ ತೂಕವಿಲ್ಲವಂತೆ. ಈ ಕಾರ್ಖಾನೆಯಲ್ಲಿ ಬು ತುಮಿನಾ ಅವರಿಗೆ ಬಾಯಿಬಿಟ್ಟು ಧನ್ಯವಾದ ಹೇಳಿದವರು ಇಪ್ಪತ್ತೆರಡು ವರ್ಷಗಳಲ್ಲಿ ತಾವೊಬ್ಬರೇ, ಹಾಗಾಗಿ ತಮ್ಮನ್ನೇ ನಂಬಿದ್ದೇನೆ.

ತಮ್ಮ ಮುಚ್ಚಳ ತೆರೆದಾಗಲೆಲ್ಲ ತಲೆಬಾಗುವ,
ತಮ್ಮ ವಿಶ್ವಾಸಿ,
ವಾರ್ಸಿತೊ

ಮರೆತ ಮಾತು: ತಾವು ನೂರು ಕಿಲೊವರೆಗೆ ತೂಗಬಲ್ಲಿರೆಂದು ತಮ್ಮ ಬೆನ್ನ ಮೇಲೆ ಬರೆದಿದೆ. ಬು ತುಮಿನಾ ನಲವತ್ತೆಂಟು ಕಿಲೊ ಇದ್ದಾರೆ, ಹೆಬ್ಬೆರಳೂ ಸೇರಿ. ಸೋಮವಾರ ಅವರನ್ನು ಹೊರಗೆ ಎಸೆದಾಗ ಆ ಪೋಲನ್ನು ಯಾರ ಹೆಸರಿಗೆ ಬರೆದುಕೊಳ್ಳುತ್ತೀರಿ, ದಯವಿಟ್ಟು ತಿಳಿಸಿ.